ಮಳೆಯಲ್ಲಿ ಆಫ್ ಆಗಿ ಉಳಿದ ಎಂಡ್‌ಪಾಯಿಂಟ್: ಟ್ರಾಫಿಕ್ ಮ್ಯಾನೇಜರ್ ಕೆಲಸವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವುದು ಹೇಗೆ?

ಓದುಗರ ಪ್ರಶ್ನೆ: ಕೊಡಗಿನ ಗೋಣಿಕೊಪ್ಪದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮ್ಮದು ಹೋಂಸ್ಟೇ ಬುಕಿಂಗ್ ಮತ್ತು ಕಾಫಿಪುಡಿ ಮಾರುವ ಸೈಟ್. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನಲ್ಲಿ ಎರಡು ಕಡೆ (ಎರಡು ರೀಜನ್‌ನಲ್ಲಿ) ಓಡುತ್ತದೆ, ಪುಣೆಯ ಸೆಂಟ್ರಲ್ ಇಂಡಿಯಾ ಮತ್ತು ಚೆನ್ನೈನ ಸೌತ್ ಇಂಡಿಯಾ. ಮುಂದೆ, ಬರುವವರನ್ನು ಯಾವ ಕಡೆ ಕಳಿಸಬೇಕು ಅಂತ ತೀರ್ಮಾನಿಸುವ ಟ್ರಾಫಿಕ್ ಮ್ಯಾನೇಜರ್ ಇದೆ, ಪ್ರಯಾರಿಟಿ ಮೆಥಡ್, ಅಂದರೆ ಪುಣೆ ಮೊದಲು, ಅದು ಬಿದ್ದರೆ ಚೆನ್ನೈ. ಪ್ರತಿ ಬುಧವಾರ ರಾತ್ರಿ ಪೋರ್ಟಲ್ ತೆರೆದು ಒಂದು ಎಂಡ್‌ಪಾಯಿಂಟ್ (ಅದರ ಪಟ್ಟಿಯಲ್ಲಿರುವ ಒಂದು ಕಡೆಯ ವಿಳಾಸ) ಡಿಸೇಬಲ್ ಮಾಡಿ, ಹೊಸ ರಿಲೀಸ್ ಹಾಕಿ, ಮತ್ತೆ ಎನೇಬಲ್ ಮಾಡುತ್ತೇನೆ. ಜುಲೈನಲ್ಲಿ ಚೆನ್ನೈ ಎಂಡ್‌ಪಾಯಿಂಟ್ ಆಫ್ ಮಾಡಿದ ಹೊತ್ತಿಗೇ ಕರೆಂಟು, ನೆಟ್ ಎರಡೂ ಹೋದವು. ನಾಲ್ಕು ದಿನ ಅದು ಆಫ್ ಆಗಿಯೇ ಇತ್ತು, ಯಾರೂ ಗಮನಿಸಲಿಲ್ಲ. ಇದನ್ನು ಆಟೊಮೇಟ್ ಮಾಡೋದು ಹೇಗೆ? ಸಣ್ಣ ಸ್ಕ್ರಿಪ್ಟ್ ಸಾಕಾ, ಕ್ಲೌಡ್ ಸೆಟ್ಟಿಂಗ್‌ಗಳನ್ನು ಫೈಲ್‌ನಲ್ಲಿ ಬರೆದಿಡುವ ಟೆರಾಫಾರ್ಮ್ ಬೇಕಾ? ಹೆಲ್ತ್ ಚೆಕ್ ಇದೆಯಲ್ಲ, ಅದೇ ಎಲ್ಲ ನೋಡಿಕೊಳ್ಳುವುದಿಲ್ಲವಾ?

ಉತ್ತರ:

ಆ ನಾಲ್ಕು ದಿನವೂ ನಿಮ್ಮ ಸೈಟ್ ಒಂಟಿ ಕಾಲಲ್ಲಿ ನಿಂತಿತ್ತು. ಪುಣೆ ಎಲ್ಲರನ್ನೂ ಸುಧಾರಿಸಿತು, ಹಾಗಾಗಿ ಗಿರಾಕಿಗಳಿಗೆ ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪುಣೆ ಬಿದ್ದಿದ್ದರೆ? ಚೆನ್ನೈನಲ್ಲಿ ಎಲ್ಲ ಸರಿಯಾಗಿದ್ದೂ ಒಬ್ಬರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಎರಡು ಊರಲ್ಲಿ ಬಾಡಿಗೆ ಕಟ್ಟಿ ಒಂದು ಮನೆಗೆ ಬೀಗ ಹಾಕಿಟ್ಟ ಹಾಗೆ.

ನಿಮ್ಮ ಕಥೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾನಿರುವುದು ಸಿದ್ದಾಪುರದ ಕಡೆ, ತೋಟದ ಮನೆಯಲ್ಲಿ. ಕೆಲವು ವರ್ಷದ ಹಿಂದೆ ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆ ಹಿಡಿದಿದ್ದ ಒಂದು ರಾತ್ರಿ ಇದೇ ಕೆಲಸ ಮಾಡುತ್ತಿದ್ದೆ. ಆಗಲೇ ನನ್ನ ಹತ್ತಿರ ಸ್ಕ್ರಿಪ್ಟ್ ಇತ್ತು. ಡಿಸೇಬಲ್, ಡಿಪ್ಲಾಯ್ (ಹೊಸ ರಿಲೀಸ್ ಹಾಕುವುದು), ಸ್ವಲ್ಪ ಹೊತ್ತು ಕಾಯುವುದು, ಎನೇಬಲ್, ಇಷ್ಟೇ. ಕಾಯುತ್ತಿರುವಾಗ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು. ರೂಟರ್‌ನ ಯುಪಿಎಸ್ ಇಪ್ಪತ್ತು ನಿಮಿಷ ಎಳೆಯಿತು, ಆಮೇಲೆ ಕತ್ತಲೆ. ಬೆಳಿಗ್ಗೆ ಕೊಡೆ ಹಿಡಿದು ಕಾಫಿ ಕಣದ ಆ ತುದಿಗೆ ಹೋದೆ, ಅಲ್ಲಿ ಮಾತ್ರ ಫೋನ್‌ಗೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ. ಫೋನಿನಲ್ಲಿ ಪೋರ್ಟಲ್ ಅರ್ಧ ತೆರೆದುಕೊಂಡಿತು. ಎಂಡ್‌ಪಾಯಿಂಟ್‌ನ ಹೆಸರು ಕಾಣುತ್ತಿತ್ತು, ಪಕ್ಕದಲ್ಲಿ ಡಿಸೇಬಲ್ಡ್ ಅಂತಲೂ ಕಾಣುತ್ತಿತ್ತು, ಒತ್ತಬೇಕಾದ ಗುಂಡಿ ಮಾತ್ರ ಬರಲೇ ಇಲ್ಲ. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತಿದ್ದೆ.

ಅಲ್ಲಿಂದ ಮುಂದೆ ಒಂದು ವಿಷಯ ಖಡಾಖಂಡಿತ ಮಾಡಿಕೊಂಡೆ. ಶುರು ಮಾಡಿದ ಕೆಲಸ ಮುಗಿಯಲು ನಾನು ಆನ್‌ಲೈನ್ ಇರಲೇಬೇಕು ಅನ್ನುವ ಸ್ಥಿತಿ ಇರಬಾರದು. ಹಾಗಾಗಿ ಸ್ಕ್ರಿಪ್ಟ್ ಯಾವ ಭಾಷೆಯಲ್ಲಿರಬೇಕು ಅನ್ನುವುದು ಆಮೇಲಿನ ಮಾತು. ಎಲ್ಲಿ ಓಡಬೇಕು ಅನ್ನುವುದು ಮೊದಲು. ನಿಮ್ಮ ಲ್ಯಾಪ್‌ಟಾಪ್‌ನಲ್ಲಂತೂ ಬೇಡ. ಗಿಟ್‌ಹಬ್ ಆಕ್ಷನ್ಸ್ ಆಗಲಿ, ಅಜೂರ್ ಡೆವ್‌ಆಪ್ಸ್ ಪೈಪ್‌ಲೈನ್ (ಕೆಲಸಗಳನ್ನು ಒಂದಾದ ಮೇಲೊಂದು ತಾನಾಗಿ ಮಾಡುವ ಸರಣಿ) ಆಗಲಿ, ಅವರ ಮೆಷಿನ್‌ನಲ್ಲೇ ಓಡಲಿ. ನೀವು ಗುಂಡಿ ಒತ್ತಿ ಬಿಟ್ಟ ಮೇಲೆ ಗೋಣಿಕೊಪ್ಪದಲ್ಲಿ ಕರೆಂಟ್ ಇದ್ದರೂ ಒಂದೇ, ಹೋದರೂ ಒಂದೇ.

ಈಗ ಹೆಲ್ತ್ ಚೆಕ್ ಯಾಕೆ ಕಾಪಾಡಲಿಲ್ಲ ಅಂತ ನೋಡೋಣ. ಟ್ರಾಫಿಕ್ ಮ್ಯಾನೇಜರ್‌ನಲ್ಲಿ ಪ್ರತಿ ಎಂಡ್‌ಪಾಯಿಂಟ್‌ಗೂ ಎರಡು ಬೇರೆ ಬೇರೆ ಸ್ಥಿತಿ ಇರುತ್ತದೆ. ಒಂದು ನೀವು ಇಟ್ಟದ್ದು, ಎನೇಬಲ್ಡ್ ಅಥವಾ ಡಿಸೇಬಲ್ಡ್. ಇನ್ನೊಂದು ಅದು ತಾನೇ ಪ್ರೋಬ್ (ಸೈಟ್ ಎದ್ದಿದೆಯಾ ಅಂತ ಆಗಾಗ ಕೇಳುವ ಪುಟ್ಟ ರಿಕ್ವೆಸ್ಟ್) ಕಳಿಸಿ ನೋಡಿ ಹೇಳುವುದು, ಆನ್‌ಲೈನ್, ಡಿಗ್ರೇಡೆಡ್ (ಕೆಟ್ಟಿದೆ) ಹೀಗೆ. ನೀವು ಡಿಸೇಬಲ್ ಮಾಡಿದ ಕೂಡಲೇ ಅದು ಆ ಕಡೆ ತಿರುಗಿಯೂ ನೋಡುವುದಿಲ್ಲ. ಪ್ರೋಬ್ ನಿಲ್ಲುತ್ತದೆ, ಡಿಎನ್‌ಎಸ್ (ಸೈಟ್‌ನ ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆ) ಉತ್ತರದಲ್ಲಿ ಆ ಹೆಸರು ಬರುವುದಿಲ್ಲ, ಮತ್ತೆ ನೀವೇ ಬಂದು ಎನೇಬಲ್ ಅನ್ನುವ ತನಕ ಎಷ್ಟು ದಿನವಾದರೂ ಹಾಗೇ. ಡಿಗ್ರೇಡೆಡ್ ಆದದ್ದು ಹುಷಾರಾದರೆ ತಾನಾಗಿ ವಾಪಸ್ ಬರುತ್ತದೆ. ಡಿಸೇಬಲ್ ಆದದ್ದು ಬರುವುದಿಲ್ಲ. ನಾನು ಮುಂದೆ ಹೇಳುವುದೆಲ್ಲ ಈ ಒಂದು ವ್ಯತ್ಯಾಸದ ಮೇಲೇ ನಿಂತಿದೆ.

ಇನ್ನೊಂದು ವಿಷಯ ಮನಸ್ಸಲ್ಲಿ ಗಟ್ಟಿಯಾಗಿರಬೇಕು. ಟ್ರಾಫಿಕ್ ಮ್ಯಾನೇಜರ್ ನಿಮ್ಮ ಟ್ರಾಫಿಕ್ಕನ್ನು ಮುಟ್ಟುವುದೇ ಇಲ್ಲ. ಅದು ಡಿಎನ್‌ಎಸ್ ಉತ್ತರ ಕೊಡುತ್ತದೆ, ಅಷ್ಟೇ. ಎಲ್ಲಿಗೆ ಹೋಗಬೇಕು ಅಂತ ಕೇಳಿದವರಿಗೆ ವಿಳಾಸ ಹೇಳಿ ಸುಮ್ಮನಾಗುತ್ತದೆ. ಸಂಪಾಜೆ ಘಾಟಿ ಮುಚ್ಚಿದೆ ಅಂತ ಮಡಿಕೇರಿಯಲ್ಲಿ ಬೋರ್ಡ್ ಹಾಕಿದರೆ ಆಗಲೇ ಮದೆನಾಡು ದಾಟಿರುವ ಬಸ್ಸಿಗೆ ಅದರಿಂದ ಏನಾಗುತ್ತದೆ? ಏನೂ ಇಲ್ಲ. ಬೆಳಿಗ್ಗೆ ಯಾರನ್ನೋ ಕೇಳಿ ಇದೇ ದಾರಿ ಅಂತ ತಿಳಿದುಕೊಂಡವರು ಮಧ್ಯಾಹ್ನವೂ ಅದೇ ದಾರಿ ಹಿಡಿಯುತ್ತಾರೆ. ಆ ಬೆಳಿಗ್ಗೆಯ ಮಾತು ಎಷ್ಟು ಹೊತ್ತು ಚಾಲ್ತಿಯಲ್ಲಿರುತ್ತದೆ ಅನ್ನುವುದೇ ಟಿಟಿಎಲ್. ನೀವು 60 ಸೆಕೆಂಡ್ ಇಟ್ಟಿದ್ದರೆ ಹಳೆ ಉತ್ತರ ಹಿಡಿದುಕೊಂಡವರು ಇನ್ನೂ ಒಂದು ನಿಮಿಷ ಹಳೆ ಕಡೆಗೇ ಬರುತ್ತಾರೆ. ಇದು ಕಾಗದದ ಮೇಲಿನ ಲೆಕ್ಕ. ನಿಜದಲ್ಲಿ ಬ್ರೌಸರ್ ಆಗಲೇ ತೆರೆದಿಟ್ಟ ಕನೆಕ್ಷನ್ ಅನ್ನು ಬಿಡದೆ ಅದರಲ್ಲೇ ಕೇಳುತ್ತಿರುತ್ತದೆ. ಕೆಲವು ಜಾವಾ ಪ್ರೋಗ್ರಾಂಗಳು ಒಮ್ಮೆ ಸಿಕ್ಕ ವಿಳಾಸವನ್ನು ಟಿಟಿಎಲ್ ಲೆಕ್ಕಿಸದೆ ಇಟ್ಟುಕೊಳ್ಳುತ್ತವೆ. ನಿಮ್ಮ ಸೈಟ್‌ಗೆ ಹಣ ಬಂತು ಅಂತ ತಿಳಿಸುವ ಪೇಮೆಂಟ್ ಕಡೆಯ ಸರ್ವರ್ ಅಂಥದ್ದಾಗಿದ್ದರೆ ಗೊತ್ತಾಗುವುದು ಬುಕಿಂಗ್ ಕಳೆದುಹೋದ ಮೇಲೆಯೇ.

ಹಾಗಾಗಿ ಡಿಸೇಬಲ್ ಮಾಡಿದ ಮರುಕ್ಷಣ ಡಿಪ್ಲಾಯ್ ಶುರು ಮಾಡಬೇಡಿ. ತುಂಬಾ ಜನರ ಸ್ಕ್ರಿಪ್ಟ್‌ನಲ್ಲಿ ನಾನು ನೋಡಿರುವ ತಪ್ಪು ಇದೇ. ಪೋರ್ಟಲ್‌ನಲ್ಲಿ ಕೈಯಿಂದ ಮಾಡುವಾಗ ಈ ಟ್ಯಾಬ್ ಬಿಟ್ಟು ಆ ಟ್ಯಾಬ್‌ಗೆ ಹೋಗಿ ಬರುವಷ್ಟರಲ್ಲಿ ಎರಡು ಮೂರು ನಿಮಿಷ ತಾನಾಗಿ ಕಳೆಯುತ್ತಿತ್ತು, ಆ ಹೊತ್ತಲ್ಲಿ ಟ್ರಾಫಿಕ್ ಇಳಿದಿರುತ್ತಿತ್ತು. ಸ್ಕ್ರಿಪ್ಟ್‌ಗೆ ಆ ನಿಧಾನ ಇಲ್ಲ. ಕೈಯಲ್ಲಿ ಮಾಡುವಾಗ ಬಾರದ ತೊಂದರೆ ಸ್ಕ್ರಿಪ್ಟ್ ಬಂದ ಮೇಲೆ ಶುರುವಾಗುವುದು ಇದರಿಂದಲೇ.

ಎಷ್ಟು ಹೊತ್ತು ಕಾಯಬೇಕು? ಕಣ್ಣು ಮುಚ್ಚಿ ಐದು ನಿಮಿಷ ಅಂತ ಬರೆದಿಡುವುದಕ್ಕಿಂತ, ಆ ರೀಜನ್‌ನ ಆ್ಯಪ್‌ಗೆ ಬರುತ್ತಿರುವ ರಿಕ್ವೆಸ್ಟ್ ಎಣಿಕೆ ನೋಡಿ. ಆ ಮೆಟ್ರಿಕ್ ಒಂದೆರಡು ನಿಮಿಷ ತಡವಾಗಿ ಕಾಣುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಡಿಮೆ ಅಂದರೆ ಟಿಟಿಎಲ್‌ನ ಎರಡು ಪಟ್ಟು ಕಾದು, ಆಮೇಲೆ ಎಣಿಕೆ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುವ ತನಕ ಕಾಯಲಿ. ಹತ್ತು ಹದಿನೈದು ನಿಮಿಷವಾದರೂ ಇಳಿಯದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಂತು ಎನೇಬಲ್ ಮಾಡಿ ನಿಮಗೆ ಮೆಸೇಜ್ ಕಳಿಸಲಿ. ಯಾರೋ ಆ ರೀಜನ್‌ನ ವಿಳಾಸವನ್ನೇ ನೇರವಾಗಿ ಬರೆದುಕೊಂಡು ಬರುತ್ತಿದ್ದಾರೆ ಅಂತ ಅರ್ಥ. ನನಗೆ ಒಮ್ಮೆ ಹಾಗೇ ಸಿಕ್ಕಿದ್ದು ನಮ್ಮದೇ ಮೊಬೈಲ್ ಆ್ಯಪ್‌ನ ಹಳೇ ವರ್ಷನ್.

ಎನೇಬಲ್ ಮಾಡುವ ಕಡೆಯಲ್ಲಿ ಇನ್ನೂ ಒಂದು ಹೊಂಡ ಇದೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ಎನೇಬಲ್ ಆದ ತಕ್ಷಣ ಎಂಡ್‌ಪಾಯಿಂಟ್‌ನ ಸ್ಥಿತಿ ಚೆಕಿಂಗ್ ಎಂಡ್‌ಪಾಯಿಂಟ್ ಅಂತ ತೋರಿಸುತ್ತದೆ. ಅಂದರೆ ಮೊದಲ ಪ್ರೋಬ್‌ನ ಫಲಿತಾಂಶ ಇನ್ನೂ ಬಂದಿಲ್ಲ. ಅಷ್ಟು ಹೊತ್ತು ಟ್ರಾಫಿಕ್ ಹೋಗುವುದಿಲ್ಲ ಅಂದುಕೊಳ್ಳುತ್ತೀರಿ ಅಲ್ವಾ? ಹೋಗುತ್ತದೆ. ಆ ಸ್ಥಿತಿಯಲ್ಲೂ ಅದು ಡಿಎನ್‌ಎಸ್ ಉತ್ತರದಲ್ಲಿ ಸೇರಿರುತ್ತದೆ. ಹೊಸ ರಿಲೀಸ್ ಎದ್ದೇ ಇಲ್ಲದಿದ್ದರೆ ಡಿಗ್ರೇಡೆಡ್ ಅಂತ ಗೊತ್ತಾಗುವ ತನಕ ಜನ ಅಲ್ಲಿಗೇ ಹೋಗಿ ಬೀಳುತ್ತಾರೆ. ಪುಣೆ ನಿಮ್ಮ ಮೊದಲ ಪ್ರಯಾರಿಟಿ, ಅದನ್ನು ಎನೇಬಲ್ ಮಾಡಿದರೆ ಹೊಸದಾಗಿ ಬರುವವರೆಲ್ಲ ಒಟ್ಟಿಗೇ ಅತ್ತ. ಆದ್ದರಿಂದ ಎನೇಬಲ್‌ಗೆ ಮೊದಲು ಸ್ಕ್ರಿಪ್ಟೇ ಆ ರೀಜನ್‌ನ ವಿಳಾಸಕ್ಕೆ ನೇರವಾಗಿ ಹೋಗಿ ನೋಡಬೇಕು. ಹೆಲ್ತ್ ಪೇಜ್ ಒಂದನ್ನೇ ನೋಡಿದರೆ ಸಾಲದು. ಒಂದು ಹೋಂಸ್ಟೇ ಹುಡುಕಿ ನೋಡಲಿ, ಒಂದು ಕಾಫಿಪುಡಿ ಪ್ಯಾಕೆಟ್ ಕಾರ್ಟ್‌ಗೆ ಹಾಕಿ ನೋಡಲಿ. ಹತ್ತು ಸಲ ಸತತ ಸರಿಯಾಗಿ ಬಂದರೆ ಆಮೇಲೆ ಎನೇಬಲ್.

ಪ್ರೋಬ್‌ನ ಲೆಕ್ಕವನ್ನೂ ಒಮ್ಮೆ ಕೈಯಲ್ಲಿ ಹಾಕಿ ನೋಡಿ. ಸಾಮಾನ್ಯವಾಗಿ 30 ಸೆಕೆಂಡಿಗೊಂದು ಪ್ರೋಬ್, 10 ಸೆಕೆಂಡ್ ಟೈಮ್‌ಔಟ್, 3 ಸೋಲು ಮಾಫಿ. ಅಂದರೆ ನಾಲ್ಕನೇ ಸಲ ಸತತ ಸೋತಾಗ ಡಿಗ್ರೇಡೆಡ್. ಹೆಚ್ಚುಕಡಿಮೆ ಎರಡು ನಿಮಿಷ ಆಯಿತು. ಅದರ ಮೇಲೆ ಟಿಟಿಎಲ್ ಒಂದು ನಿಮಿಷ. ಮೂರು ನಿಮಿಷ ಗಿರಾಕಿಗಳು ಖಾಲಿ ಪರದೆ ನೋಡುತ್ತಾರೆ. ಇದನ್ನೇ 10 ಸೆಕೆಂಡಿಗೊಂದು ಪ್ರೋಬ್, 5 ಸೆಕೆಂಡ್ ಟೈಮ್‌ಔಟ್, 1 ಸೋಲು ಮಾಫಿ ಅಂತ ಇಟ್ಟರೆ ಅರ್ಧ ನಿಮಿಷದೊಳಗೆ ಗೊತ್ತಾಗುತ್ತದೆ. ಬೇಗ ನೋಡುವುದಕ್ಕೆ ದುಡ್ಡು ಸ್ವಲ್ಪ ಜಾಸ್ತಿ, ಆದರೂ ನಿಮ್ಮಂಥ ಬುಕಿಂಗ್ ಸೈಟ್‌ಗೆ ನಾನು ಇದನ್ನೇ ಹೇಳುತ್ತೇನೆ. ಮಾಫಿಯನ್ನು ಸೊನ್ನೆ ಮಾಡಬೇಡಿ, ಒಂದು ಪ್ರೋಬ್ ದಾರಿಯಲ್ಲಿ ಕಳೆದುಹೋದರೂ ಎಂಡ್‌ಪಾಯಿಂಟ್ ಬಿದ್ದಿದೆ ಅಂತ ತೀರ್ಮಾನ ಆಗಿಬಿಡುತ್ತದೆ.

ಪ್ರೋಬ್ ಯಾವ ಪೇಜ್ ನೋಡುತ್ತದೆ ಅನ್ನುವುದರಲ್ಲೂ ಎರಡು ಕಡೆ ಜನ ಎಡವುತ್ತಾರೆ. ಸೆಟ್ಟಿಂಗ್ ಬದಲಿಸದಿದ್ದರೆ ಅದಕ್ಕೆ ಬೇಕಾದದ್ದು 200 (ಎಲ್ಲ ಸರಿ) ಅನ್ನುವ ಉತ್ತರ. ನಿಮ್ಮ ಸೈಟ್ ಮುಖಪುಟದಿಂದ ಬೇರೆಲ್ಲಿಗೋ 301 ಅಂತ ಕಳಿಸುತ್ತಿದ್ದರೆ ಸೈಟ್ ಚೆನ್ನಾಗಿದ್ದರೂ ಡಿಗ್ರೇಡೆಡ್ ಅನ್ನುತ್ತದೆ. ಎರಡನೆಯದು ಇನ್ನೂ ಕೆಟ್ಟದು. ಎಚ್‌ಟಿಟಿಪಿಎಸ್ ಪ್ರೋಬ್ ಸರ್ಟಿಫಿಕೇಟ್ ಇದೆಯಾ ಅಂತ ಮಾತ್ರ ನೋಡುತ್ತದೆ, ಅದು ಸರಿಯಾಗಿದೆಯಾ ಅಂತ ಪರೀಕ್ಷಿಸುವುದಿಲ್ಲ. ಸರ್ಟಿಫಿಕೇಟ್‌ನ ಅವಧಿ ಮುಗಿದಿದ್ದರೂ ಇಲ್ಲಿ ಆನ್‌ಲೈನ್, ಗಿರಾಕಿಯ ಬ್ರೌಸರ್‌ನಲ್ಲಿ ದೊಡ್ಡ ಕೆಂಪು ಎಚ್ಚರಿಕೆ. ಅದಕ್ಕೆ ನಿಮ್ಮ ಸ್ಕ್ರಿಪ್ಟ್‌ನ ಪರೀಕ್ಷೆಯಲ್ಲಿ ಸರ್ಟಿಫಿಕೇಟ್‌ನ ದಿನಾಂಕವನ್ನೂ ಸೇರಿಸಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಸಾಲಿಗೆ ಬರುತ್ತೇನೆ. ಡಿಸೇಬಲ್ ಮಾಡುವುದಕ್ಕೆ ಪವರ್‌ಶೆಲ್‌ನಲ್ಲೂ ಅಜೂರ್ ಸಿಎಲ್‌ಐನಲ್ಲೂ ಒಂದೇ ಕಮಾಂಡ್ ಸಾಕು, ನಿಮಗೆ ಅಭ್ಯಾಸ ಇರುವುದನ್ನು ಬಳಸಿ. ಆ ಕಮಾಂಡ್‌ನ ಮೇಲಿನ ಸಾಲು ಏನಿದೆ ಅನ್ನುವುದರಲ್ಲಿ ಇಡೀ ಕೆಲಸ ಇದೆ. ಅಲ್ಲಿ ಎಣಿಕೆ ಇರಬೇಕು. ನಾನು ಇದನ್ನು ತೆಗೆದರೆ ಎಷ್ಟು ಉಳಿಯುತ್ತವೆ? ಉಳಿದದ್ದು ಎನೇಬಲ್ಡ್ ಆಗಿಯೂ ಆನ್‌ಲೈನ್ ಆಗಿಯೂ ಇದೆಯಾ, ಎರಡೂ? ಇಲ್ಲದಿದ್ದರೆ ಮುಟ್ಟಬೇಡ, ನಿಲ್ಲು. ಜುಲೈನಲ್ಲಿ ಚೆನ್ನೈ ಆಫ್ ಆಗಿದ್ದಾಗ ನಿಮ್ಮ ಬದಲು ಬೇರೊಬ್ಬರು ಪುಣೆಗೆ ರಿಲೀಸ್ ಹಾಕಲು ಹೊರಟಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಎಲ್ಲ ಎಂಡ್‌ಪಾಯಿಂಟ್‌ಗಳೂ ಡಿಗ್ರೇಡೆಡ್ ಆದರೆ ಟ್ರಾಫಿಕ್ ಮ್ಯಾನೇಜರ್ ಕೈಚೆಲ್ಲುವುದಿಲ್ಲ. ಎಲ್ಲವೂ ಚೆನ್ನಾಗಿವೆ ಅಂತಲೇ ಭಾವಿಸಿ ಉತ್ತರ ಕೊಡುತ್ತದೆ, ಸುಮ್ನೆ ಏನೂ ಹೇಳದೆ ಇರುವುದಕ್ಕಿಂತ ಅದೇ ವಾಸಿ ಅಂತ. ಬಹಳ ಒಳ್ಳೆಯ ತೀರ್ಮಾನ ಅದು. ಆದರೆ ಎಲ್ಲವನ್ನೂ ನೀವೇ ಡಿಸೇಬಲ್ ಮಾಡಿದ್ದರೆ ಅದರ ಹತ್ತಿರ ಕೊಡಲು ವಿಳಾಸವೇ ಇರುವುದಿಲ್ಲ. ಯಂತ್ರ ತಪ್ಪು ತಿಳಿದರೆ ರಕ್ಷಣೆ ಇದೆ, ನಮ್ಮ ಆಜ್ಞೆ ತಪ್ಪಾದರೆ ಇಲ್ಲ.

ದೊಡ್ಡವರೂ ಇಲ್ಲೇ ಬಿದ್ದಿದ್ದಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಎಲ್ಲ ಸುಮಾರು ಆರು ಗಂಟೆ ನಿಂತುಹೋದದ್ದು ನೆನಪಿರಬಹುದು. ರಿಪೇರಿ ಕೆಲಸದ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳ ನಡುವಿನ ಜಾಲವನ್ನೇ ಕತ್ತರಿಸಿತು. ಅವರ ಡಿಎನ್‌ಎಸ್ ಸರ್ವರ್‌ಗಳಿಗೆ ಒಂದು ನಿಯಮ ಇತ್ತು. ಡೇಟಾ ಸೆಂಟರ್ ಸಿಗದಿದ್ದರೆ ನಾನೇ ಕೆಟ್ಟಿರಬೇಕು, ಹಾಗಾಗಿ ದಾರಿಯಿಂದ ಸರಿದುಕೊಳ್ಳುತ್ತೇನೆ ಅಂತ. ಒಂದು ಸರ್ವರ್‌ಗೆ ಅದು ಸರಿಯಾದ ನಿಯಮ. ಅವತ್ತು ಎಲ್ಲವೂ ಒಟ್ಟಿಗೆ ಸರಿದುಕೊಂಡವು. ಉಳಿದವರು ಎಷ್ಟಿದ್ದಾರೆ ಅಂತ ಯಾರೂ ಎಣಿಸಲಿಲ್ಲ.

ಇನ್ನೊಂದು 2025ರ ಅಕ್ಟೋಬರ್ 20, ನಮ್ಮಲ್ಲಿ ದೀಪಾವಳಿಯ ಹೊತ್ತು, ಮಧ್ಯಾಹ್ನ ಹನ್ನೆರಡು ದಾಟಿತ್ತು. ಅಮೆಜಾನ್ ಕ್ಲೌಡ್‌ನ ಉತ್ತರ ವರ್ಜೀನಿಯಾ ರೀಜನ್‌ನಲ್ಲಿ ಡೈನಮೋಡಿಬಿ ಅನ್ನುವ ಡೇಟಾಬೇಸ್ ಸೇವೆಯ ವಿಳಾಸವೇ ಡಿಎನ್‌ಎಸ್‌ನಿಂದ ಮಾಯವಾಯಿತು. ಅದರ ಜೊತೆ ಎಷ್ಟೋ ಸೈಟ್‌ಗಳು ಬಿದ್ದವು. ಕಾರಣ ಈ ಎಂಡ್‌ಪಾಯಿಂಟ್ ಆಟೊಮೇಷನ್ನೇ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ಅಲ್ಲಿ ಒಂದು ಪ್ರೋಗ್ರಾಂ ಪ್ಲಾನ್ ಮಾಡುತ್ತದೆ, ಅದನ್ನು ಡಿಎನ್‌ಎಸ್‌ಗೆ ಬರೆಯುವ ಕೆಲಸದವರು (ಅವೂ ಪ್ರೋಗ್ರಾಂಗಳೇ) ಬೇರೆ, ಅವರು ಒಬ್ಬರಿಗಿಂತ ಜಾಸ್ತಿ. ಒಬ್ಬ ಕೆಲಸದವ ಹಳೆ ಪ್ಲಾನ್ ಹಿಡಿದು ದಾರಿಯಲ್ಲಿ ತಡವಾದ. ಅಷ್ಟರಲ್ಲಿ ಇನ್ನೊಬ್ಬ ಹೊಸ ಪ್ಲಾನ್ ಬರೆದು ಮುಗಿಸಿದ. ತಡವಾದವನು ಬಂದು ಹೊಸದರ ಮೇಲೆ ಹಳೆಯದನ್ನು ಬರೆದ. ಇದು ಹೊಸದಾ ಅಂತ ಅವನು ಪರೀಕ್ಷೆ ಮಾಡಿದ್ದು ಹೊರಡುವಾಗ, ಬರೆಯುವಾಗ ಅಲ್ಲ. ಆಗ ಎರಡನೆಯವನು ಹಳೆ ಪ್ಲಾನ್‌ಗಳನ್ನೆಲ್ಲ ಗುಡಿಸಿ ಹಾಕಿದ, ಚಾಲ್ತಿಯಲ್ಲಿದ್ದ ಆ ಹಳೆ ಪ್ಲಾನ್ ಕೂಡ ಅಳಿಸಿಹೋಯಿತು. ಉಳಿದದ್ದು ಖಾಲಿ ದಾಖಲೆ. ಅದನ್ನು ಸರಿಮಾಡಲು ಕೊನೆಗೆ ಮನುಷ್ಯರೇ ಕೈಹಾಕಬೇಕಾಯಿತು.

ನಿಮಗೆ ಇದರಲ್ಲಿ ಬೇಕಾದದ್ದು ಎರಡು. ಎಣಿಕೆ ಪೈಪ್‌ಲೈನ್‌ನ ಶುರುವಿನಲ್ಲಿ ಇದ್ದರೆ ಸಾಲದು, ಡಿಸೇಬಲ್ ಕಮಾಂಡ್‌ಗೆ ತಾಗಿಕೊಂಡೇ ಇರಬೇಕು. ಮತ್ತೆ, ಒಂದೇ ಹೊತ್ತಿಗೆ ಎರಡು ಪೈಪ್‌ಲೈನ್ ಈ ಕೆಲಸಕ್ಕೆ ಇಳಿಯಬಾರದು. ಗಿಟ್‌ಹಬ್‌ನಲ್ಲಿ ಕನ್ಕರೆನ್ಸಿ ಗ್ರೂಪ್ ಅಂತ ಇದೆ, ಆ ಹೆಸರಿನ ಕೆಲಸ ಒಂದು ಓಡುತ್ತಿದ್ದರೆ ಇನ್ನೊಂದು ಕಾಯುತ್ತದೆ. ಹೋಂಸ್ಟೇ ಆ್ಯಪ್‌ಗೂ ಕಾಫಿ ಅಂಗಡಿಗೂ ಬೇರೆ ಬೇರೆ ಪೈಪ್‌ಲೈನ್ ಇದ್ದು ಅವು ಬೇರೆ ಬೇರೆ ರೆಪೊಸಿಟರಿಯಲ್ಲಿದ್ದರೆ ಆ ಗ್ರೂಪ್ ಕೆಲಸಕ್ಕೆ ಬರುವುದಿಲ್ಲ. ಆಗ ಎಂಡ್‌ಪಾಯಿಂಟ್ ಮುಟ್ಟುವ ಕೆಲಸವನ್ನು ಒಂದೇ ಕಡೆ ಇಟ್ಟು ಎರಡೂ ಅಲ್ಲಿಗೇ ಬಂದು ಕೇಳುವ ಹಾಗೆ ಮಾಡಿ.

ಹಾಗಾದರೆ ಡಿಸೇಬಲ್ ಕಮಾಂಡ್ ಬಳಸಲೇಬೇಕಾ? ನಾನು ಈಗ ಬಹಳಷ್ಟು ಕಡೆ ಬಳಸುವುದಿಲ್ಲ. ಇದು ನನ್ನ ಇಷ್ಟದ ದಾರಿ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಆ್ಯಪ್‌ನಲ್ಲೇ ಒಂದು ಸಣ್ಣ ಸ್ವಿಚ್ ಇಡಿ. ಒಂದು ಸೆಟ್ಟಿಂಗ್ ಆಗಬಹುದು, ಸ್ಟೋರೇಜ್‌ನಲ್ಲಿ ಒಂದು ಫೈಲ್ ಆಗಬಹುದು. ಅದು ಇದ್ದರೆ ಹೆಲ್ತ್ ಪೇಜ್ 200 ಬದಲು 503 (ಸದ್ಯಕ್ಕೆ ಸೇವೆ ಇಲ್ಲ) ಕೊಡಲಿ, ಉಳಿದ ಪೇಜ್‌ಗಳೆಲ್ಲ ಎಂದಿನಂತೆ ಕೆಲಸ ಮಾಡಲಿ. ರಿಲೀಸ್‌ಗೆ ಮೊದಲು ಸ್ಕ್ರಿಪ್ಟ್ ಆ ಸ್ವಿಚ್ ಹಾಕುತ್ತದೆ. ಪ್ರೋಬ್ ಬಂದು 503 ನೋಡಿ ಎಂಡ್‌ಪಾಯಿಂಟನ್ನು ಡಿಗ್ರೇಡೆಡ್ ಮಾಡುತ್ತದೆ, ಹೊಸಬರು ಇನ್ನೊಂದು ಕಡೆ ಹೋಗುತ್ತಾರೆ, ಹಳಬರು ತಮ್ಮ ಬುಕಿಂಗ್ ಮುಗಿಸಿಕೊಳ್ಳುತ್ತಾರೆ. ಕೆಲಸ ಆದ ಮೇಲೆ ಸ್ವಿಚ್ ತೆಗೆದರೆ ತಾನಾಗಿ ವಾಪಸ್.

ಇದರಲ್ಲಿ ಲಾಭ ಏನು ನೋಡಿ. ಆ ಸ್ವಿಚ್‌ಗೆ ಅವಧಿ ಬರೆಯಬಹುದು. ಫೈಲ್‌ನಲ್ಲಿ ರಾತ್ರಿ ಹನ್ನೆರಡರ ತನಕ ಅಂತ ಇದ್ದರೆ, ಹನ್ನೆರಡು ದಾಟಿದ ಮೇಲೆ ಫೈಲ್ ಇದ್ದರೂ ಹೆಲ್ತ್ ಪೇಜ್ 200 ಕೊಡಲಿ. ನೀವು ಇರಿ ಬಿಡಿ, ಪೈಪ್‌ಲೈನ್ ನಡುವೆ ಸಾಯಲಿ, ನಾಲ್ಕು ದಿನ ಆಫ್ ಆಗಿ ಉಳಿಯುವ ಪ್ರಶ್ನೆಯೇ ಇಲ್ಲ. ಎರಡೂ ಕಡೆ ತಪ್ಪಿ ಸ್ವಿಚ್ ಹಾಕಿಬಿಟ್ಟರೂ ಎಲ್ಲವೂ ಡಿಗ್ರೇಡೆಡ್ ಆಗುತ್ತದೆ ಅಷ್ಟೇ, ಟ್ರಾಫಿಕ್ ಮ್ಯಾನೇಜರ್ ಉತ್ತರ ಕೊಡುತ್ತಲೇ ಇರುತ್ತದೆ. ಅಜೂರ್‌ನ ಸೆಟ್ಟಿಂಗ್ ಬದಲಿಸುವ ಕಡೆಯೇ ಅವತ್ತು ಕೈಕೊಟ್ಟಿದ್ದರೂ ಪ್ರೋಬ್ ಮತ್ತು ಡಿಎನ್‌ಎಸ್ ತಮ್ಮ ಪಾಡಿಗೆ ನಡೆಯುತ್ತವೆ. ನಷ್ಟ ಒಂದೇ, ಡಿಸೇಬಲ್‌ನಷ್ಟು ತಕ್ಷಣ ಆಗುವುದಿಲ್ಲ, ಪ್ರೋಬ್‌ನ ಸೋಲಿನ ಎಣಿಕೆ ಮುಗಿಯಬೇಕು. ಬುಧವಾರ ರಾತ್ರಿಯ ಯೋಜಿತ ಕೆಲಸಕ್ಕೆ ಆ ಅರ್ಧ ನಿಮಿಷದ ಚಿಂತೆ ಬೇಡ. ಹೊಸ ರಿಲೀಸ್ ಹೆಲ್ತ್ ಪೇಜನ್ನೇ ಕೆಡಿಸದ ಹಾಗೆ ನೋಡಿಕೊಳ್ಳಿ, ಅದಕ್ಕೊಂದು ಟೆಸ್ಟ್ ಕಡ್ಡಾಯ.

ಒಂದು ಎಚ್ಚರಿಕೆ. ಹೆಲ್ತ್ ಪೇಜ್‌ನೊಳಗೆ ಎರಡೂ ರೀಜನ್ ಹಂಚಿಕೊಂಡಿರುವ ಡೇಟಾಬೇಸನ್ನು ಪರೀಕ್ಷಿಸಬೇಡಿ. ಡೇಟಾಬೇಸ್ ಒಂದು ನಿಮಿಷ ತೊದಲಿದರೆ ಎರಡೂ ಒಟ್ಟಿಗೆ ಕಾಯಿಲೆ ಬಿದ್ದ ಹಾಗೆ ಕಾಣುತ್ತವೆ. ಆ ರೀಜನ್‌ಗೆ ಮಾತ್ರ ಸೇರಿದ್ದನ್ನು ಆ ಪೇಜ್ ಹೇಳಲಿ.

ರಿಲೀಸ್‌ನ ಕ್ರಮ ಹೀಗಿರಲಿ. ಮೊದಲು ಚೆನ್ನೈ. ಪುಣೆ ಚೆನ್ನಾಗಿರುವಾಗ ಚೆನ್ನೈಗೆ ಹೇಗೂ ಗಿರಾಕಿಗಳು ಇಲ್ಲ, ಹೊಸ ವರ್ಷನ್ ಅಲ್ಲಿ ನಿಧಾನವಾಗಿ ಪರೀಕ್ಷೆಯಾಗಲಿ. ಅದು ಪಾಸಾಗಿ ಆನ್‌ಲೈನ್ ಆದ ಮೇಲೆ, ಪುಣೆ ಖಾಲಿ ಮಾಡುವ ಮೊದಲು ಚೆನ್ನೈನ ಮೆಷಿನ್‌ಗಳನ್ನು ಪುಣೆಯಷ್ಟೇ ಮಾಡಿ. ಖರ್ಚು ಉಳಿಸಲು ಎರಡನೆಯ ಕಡೆ ಒಂದೇ ಸಣ್ಣ ಮೆಷಿನ್ ಇಟ್ಟಿರುತ್ತೇವೆ, ಇಡೀ ಟ್ರಾಫಿಕ್ ಒಮ್ಮೆಲೇ ಬಂದರೆ ಅದು ತಡೆಯುವುದಿಲ್ಲ. ತಲಕಾವೇರಿ ತೀರ್ಥೋದ್ಭವದ ದಿನ ಅಥವಾ ಮಡಿಕೇರಿ ದಸರಾ ವಾರದಲ್ಲಿ ನಿಮ್ಮ ಬುಕಿಂಗ್ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಆ ದಿನಗಳಲ್ಲಿ ಈ ಪೈಪ್‌ಲೈನ್ ಓಡದಂತೆ ಸ್ಕ್ರಿಪ್ಟ್‌ನಲ್ಲೇ ದಿನಾಂಕಗಳ ಪಟ್ಟಿ ಇಡಿ.

ಡಿಪ್ಲಾಯ್ ಸೋತರೆ? ಏನೇ ಆದರೂ ಕೊನೆಯಲ್ಲಿ ಎನೇಬಲ್ ಮಾಡು ಅಂತ ಬರೆಯುವವರಿದ್ದಾರೆ. ಅದು ಬೇಡ, ಮುರಿದ ವರ್ಷನ್‌ಗೆ ಜನರನ್ನು ಕಳಿಸಿದ ಹಾಗಾಗುತ್ತದೆ. ಮೊದಲು ಹಳೆ ವರ್ಷನ್ ವಾಪಸ್ ಹಾಕಲಿ, ಪರೀಕ್ಷೆ ಪಾಸಾದರೆ ಎನೇಬಲ್. ಅದೂ ಆಗದಿದ್ದರೆ ಆಫ್ ಆಗಿಯೇ ಇರಲಿ, ಆದರೆ ಜೋರಾಗಿ ಕೂಗಲಿ. ಆಫ್ ಆಗಿ ಉಳಿಯುವುದು ಕೆಲವು ಸಲ ಸರಿಯೇ, ಸದ್ದಿಲ್ಲದೆ ಉಳಿಯಬಾರದು ಅಷ್ಟೇ.

ಆ ಕೂಗಿಗಾಗಿ ಇನ್ನೊಂದು ಪುಟ್ಟ ಕೆಲಸ ಬೇಕು, ಇದು ಪೈಪ್‌ಲೈನ್‌ಗಿಂತ ಬೇರೆಯೇ ಇರಲಿ. ಅರ್ಧ ಗಂಟೆಗೊಮ್ಮೆ ಅಜೂರ್ ಫಂಕ್ಷನ್ ಒಂದು ಎದ್ದು, ಡಿಸೇಬಲ್ಡ್ ಆಗಿರುವ ಎಂಡ್‌ಪಾಯಿಂಟ್ ಇದೆಯಾ ಅಂತ ನೋಡುವುದು. ಇದ್ದರೆ ಯಾಕೆ, ಯಾರು, ಎಷ್ಟು ಹೊತ್ತಿನ ತನಕ ಅನ್ನುವ ಟಿಪ್ಪಣಿ ಇದೆಯಾ ನೋಡುವುದು. ಆ ಟಿಪ್ಪಣಿಯನ್ನು ನಾನು ಟ್ರಾಫಿಕ್ ಮ್ಯಾನೇಜರ್ ಪ್ರೊಫೈಲ್‌ನ (ಅದರ ಸೆಟ್ಟಿಂಗ್‌ಗಳ ಕಟ್ಟಿನ) ಟ್ಯಾಗ್‌ಗಳಲ್ಲಿ ಬರೆಯುತ್ತೇನೆ, ಬೇರೆ ಡೇಟಾಬೇಸ್ ಬೇಕಿಲ್ಲ. ಹೇಳಿದ ಹೊತ್ತು ದಾಟಿದ್ದರೆ ಅಥವಾ ಟಿಪ್ಪಣಿಯೇ ಇಲ್ಲದಿದ್ದರೆ ಕನಿಷ್ಠ ಇಬ್ಬರಿಗೆ ಮೆಸೇಜ್, ಅವರಲ್ಲಿ ಒಬ್ಬರು ಕೊಡಗಿನ ಹೊರಗಿರಲಿ. ಇಲ್ಲಿ ಮರ ಬಿದ್ದರೆ ನಮ್ಮಿಬ್ಬರ ಫೋನೂ ಒಟ್ಟಿಗೇ ಸತ್ತಿರುತ್ತದೆ. ಟಿಪ್ಪಣಿ ಇಲ್ಲದೆ ಯಾರು ಆಫ್ ಮಾಡಿದ್ದು ಅಂತ ತಿಳಿಯಬೇಕಾದರೆ ಆ್ಯಕ್ಟಿವಿಟಿ ಲಾಗ್ ನೋಡಿ, 90 ದಿನದ ತನಕ ಅಲ್ಲಿ ಇರುತ್ತದೆ.

ಟೆರಾಫಾರ್ಮ್ ಬೇಕಾ ಅಂತ ಕೇಳಿದ್ದೀರಿ. ಪ್ರೊಫೈಲ್, ಎಂಡ್‌ಪಾಯಿಂಟ್, ಪ್ರೋಬ್‌ನ ಸೆಟ್ಟಿಂಗ್, ಟಿಟಿಎಲ್ ಇವನ್ನೆಲ್ಲ ಟೆರಾಫಾರ್ಮ್‌ನಲ್ಲಿ ಇಡುವುದು ಒಳ್ಳೆಯದು. ಆನ್ ಆಫ್ ಮಾಡುವ ಕೆಲಸ ಅದಕ್ಕೆ ಬೇಡ. ಟೆರಾಫಾರ್ಮ್ ಬರೆದಿಟ್ಟದ್ದೇ ಸತ್ಯ ಅನ್ನುತ್ತದೆ. ನಿಮ್ಮ ಸ್ಕ್ರಿಪ್ಟ್ ಪುಣೆಯನ್ನು ಆಫ್ ಮಾಡಿ ರಿಲೀಸ್ ಹಾಕುತ್ತಿರುವಾಗ, ಸಹೋದ್ಯೋಗಿಯೊಬ್ಬರು ಬೇರೆ ಯಾವುದೋ ಬದಲಾವಣೆಗೆ ಅಪ್ಲೈ ಕೊಟ್ಟರೆ ಅದು ಪುಣೆಯನ್ನೂ ಆನ್ ಮಾಡಿಬಿಡುತ್ತದೆ, ಅರ್ಧ ಡಿಪ್ಲಾಯ್ ಆದ ಸ್ಥಿತಿಯಲ್ಲಿ. ಎನೇಬಲ್ಡ್ ಅನ್ನುವ ಆ ಒಂದು ಗುಣವನ್ನು ಇಗ್ನೋರ್ ಚೇಂಜಸ್ (ಟೆರಾಫಾರ್ಮ್ ಗಮನಿಸದೆ ಬಿಡುವ ಗುಣಗಳ) ಪಟ್ಟಿಗೆ ಸೇರಿಸಿ. ಹೆಲ್ತ್ ಪೇಜ್‌ನ ಸ್ವಿಚ್ ದಾರಿ ಹಿಡಿದರೆ ಈ ಜಗಳವೇ ಇರುವುದಿಲ್ಲ.

ಪರ್ಮಿಷನ್ ಬಗ್ಗೆ ಚಿಕ್ಕದಾಗಿ. ಪೈಪ್‌ಲೈನ್‌ಗೆ ಇಡೀ ಸಬ್‌ಸ್ಕ್ರಿಪ್ಷನ್‌ನ ಅಧಿಕಾರ ಕೊಡಬೇಡಿ. ಟ್ರಾಫಿಕ್ ಮ್ಯಾನೇಜರ್ ಕಾಂಟ್ರಿಬ್ಯೂಟರ್ ಅನ್ನುವ ರೋಲ್ ಇದೆ, ಅದೂ ಆ ಒಂದು ಪ್ರೊಫೈಲ್ ಮೇಲೆ ಮಾತ್ರ. ಪಾಸ್‌ವರ್ಡ್ ಬರೆದಿಡುವ ಬದಲು ಫೆಡರೇಟೆಡ್ ಲಾಗಿನ್ (ಪ್ರತಿ ಸಲ ಸ್ವಲ್ಪ ಹೊತ್ತಿನ ಟೋಕನ್ ಪಡೆಯುವ ವಿಧಾನ) ಬಳಸಿದರೆ ಕದಿಯಲು ಏನೂ ಇರುವುದಿಲ್ಲ.

ಮುಂದೆ ಒಮ್ಮೆಲೇ ತಿರುಗಿಸುವ ಬದಲು ಸ್ವಲ್ಪ ಸ್ವಲ್ಪ ಜನರನ್ನು ಹೊಸ ವರ್ಷನ್‌ಗೆ ಕಳಿಸಬೇಕು ಅನ್ನಿಸಿದರೆ ಪ್ರಯಾರಿಟಿಯಿಂದ ಆಗುವುದಿಲ್ಲ, ವೇಟೆಡ್ ಮೆಥಡ್‌ಗೆ ಬರಬೇಕು, 1ರಿಂದ 1000 ತನಕ ತೂಕ ಕೊಡಬಹುದು. ನೂರಕ್ಕೆ ಹತ್ತು ಅಂದರೆ ಸರಿಯಾಗಿ ಹತ್ತೇ ಹೋಗುತ್ತದೆ ಅಂತ ನಂಬಬೇಡಿ. ಒಂದು ಮೊಬೈಲ್ ಕಂಪನಿಯ ಡಿಎನ್‌ಎಸ್ ಒಮ್ಮೆ ಕೇಳಿದ ಉತ್ತರವನ್ನೇ ತನ್ನ ಸಾವಿರಾರು ಗಿರಾಕಿಗಳಿಗೆ ಹಂಚುತ್ತದೆ. ಅಮೆಜಾನ್‌ನ ಡಿಎನ್‌ಎಸ್ ಸೇವೆಯಾದ ರೂಟ್ 53 ಬಳಸುವವರಿಗೂ ಇಲ್ಲಿ ಹೇಳಿದ್ದು ಹೆಚ್ಚುಕಡಿಮೆ ಹಾಗೇ ಅನ್ವಯಿಸುತ್ತದೆ. ಅಲ್ಲಿ ದಾಖಲೆ ಬದಲಿಸುವ ಭಾಗ ಇರುವುದು ಉತ್ತರ ವರ್ಜೀನಿಯಾದಲ್ಲಿ, ಉತ್ತರ ಕೊಡುವ ಭಾಗ ಪ್ರಪಂಚದ ತುಂಬ ಹರಡಿದೆ. ಆದ್ದರಿಂದ ತುರ್ತಿನಲ್ಲಿ ದಾಖಲೆ ಬದಲಿಸುವುದಕ್ಕಿಂತ ಹೆಲ್ತ್ ಚೆಕ್ ತಾನೇ ತಿರುಗಿಸುವ ಹಾಗೆ ಇಡುವುದೇ ಅಲ್ಲೂ ಕ್ಷೇಮ.

ಇವೆಲ್ಲ ಒಂದೇ ವಾರದಲ್ಲಿ ಬೇಡ. ಈ ವಾರ ಆ ಅರ್ಧ ಗಂಟೆಯ ಕಾವಲು ಫಂಕ್ಷನ್ ಬರೆಯಿರಿ, ಅದು ಒಂದು ಮಧ್ಯಾಹ್ನದ ಕೆಲಸ, ನಾಲ್ಕು ದಿನ ಗೊತ್ತಾಗದೇ ಇರುವುದು ಅದರಿಂದಲೇ ನಿಲ್ಲುತ್ತದೆ. ಆಮೇಲೆ ಹೆಲ್ತ್ ಪೇಜ್‌ನ ಸ್ವಿಚ್, ಆಮೇಲೆ ಪೈಪ್‌ಲೈನ್. ಎಲ್ಲ ಆದ ಮೇಲೆ, ಗಿರಾಕಿಗಳು ಕಡಿಮೆ ಇರುವ ಒಂದು ರಾತ್ರಿ ರಿಲೀಸ್ ಶುರು ಮಾಡಿ, ಚೆನ್ನೈ ಆಫ್ ಆಯಿತು ಅನ್ನುವಾಗ ನಿಮ್ಮ ರೂಟರ್‌ನ ಪ್ಲಗ್ ಕಿತ್ತು ಫೋನನ್ನೂ ಆಫ್ ಮಾಡಿ ಮಲಗಿ. ಬೆಳಿಗ್ಗೆ ಎದ್ದು ಎರಡು ಎಂಡ್‌ಪಾಯಿಂಟ್ ಆನ್‌ಲೈನ್ ಇವೆಯಾ ನೋಡಿ. ಇಲ್ಲದಿದ್ದರೆ ಪೈಪ್‌ಲೈನ್‌ನ ಲಾಗ್‌ನಲ್ಲಿ ಎಲ್ಲಿ ನಿಂತಿತು ಅನ್ನುವ ಸಾಲನ್ನು ನನಗೆ ಬರೆದು ಕಳಿಸಿ, ಕೂತು ನೋಡೋಣ.